ಬೆರಳೆತ್ತಿದ ಮೇಲೂ ಕರ್ಸರ್ ಜಾರುತ್ತಿದ್ದರೆ

ಲ್ಯಾಪ್‌ಟಾಪ್ ಕೀಬೋರ್ಡ್ ಮಧ್ಯದಲ್ಲಿ ಕರ್ಸರ್ ಸರಿಸೋಕೆ ಇರುವ ಕೆಂಪು ಗುಂಡಿ ಬಿಟ್ಟ ಮೇಲೂ ಕರ್ಸರ್ ತಾನಾಗಿ ಮೂಲೆಗೆ ಓಡುತ್ತಿದೆ ಅಂದಿದ್ದೀರಿ. ಬಹುಶಃ ಗುಂಡಿ ಕೆಟ್ಟಿಲ್ಲ, ಅದರ ಸೊನ್ನೆ, ಅಂದರೆ ಯಾರೂ ಒತ್ತುತ್ತಿಲ್ಲ ಅಂತ ಅದು ಲೆಕ್ಕ ಹಿಡಿಯುವ ಮಟ್ಟ, ತಪ್ಪಿದೆ. ಗುಂಡಿ ನಿಮ್ಮ ಬೆರಳಿನ ಒತ್ತಡವನ್ನಷ್ಟೇ ಅಳೆಯುತ್ತದೆ. ಒಂದೇ ದಿಕ್ಕಿಗೆ ಮೆಲ್ಲಗೆ ತುಂಬಾ ಹೊತ್ತು ಒತ್ತಿ ಹಿಡಿದರೆ, ಆ ಒತ್ತಡವನ್ನೇ ಸೊನ್ನೆ ಅಂದುಕೊಳ್ಳುತ್ತದೆ. ಬೆರಳೆತ್ತಿದ ಕೂಡಲೇ ಕರ್ಸರ್ ಎದುರು ದಿಕ್ಕಿಗೆ ಹೊರಡುತ್ತದೆ.

ಜಾರಲು ಶುರುವಾದರೆ ಅದರ ಜೊತೆ ಗುದ್ದಾಡಬೇಡಿ. ಕೈ ಪೂರ್ತಿ ಎತ್ತಿ ಕೆಲವು ಸೆಕೆಂಡ್ ಸುಮ್ನೆ ಇರಿ, ನಿಂತುಬಿಡುತ್ತದೆ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಗುಂಡಿಯ ವೇಗ ಸ್ವಲ್ಪ ಜಾಸ್ತಿ ಮಾಡಿ. ಆಗ ಚೂರು ತಳ್ಳಿದರೆ ಸಾಕು. ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಓದುವ ಅಭ್ಯಾಸ ಇದ್ದರೆ ಬಿಡಿ. ನನಗೂ ಇತ್ತು, ಅರ್ಧ ತೊಂದರೆ ಅದರಿಂದಲೇ.

ಮುಟ್ಟದೇ ಇದ್ದರೂ ಜಾರುತ್ತದಾ? ಹಾಗಾದರೆ ಗುಂಡಿಯ ಮೇಲಿನ ಕೆಂಪು ರಬ್ಬರ್ ಟೋಪಿಯನ್ನು ನೇರ ಮೇಲಕ್ಕೆ ಎಳೆದು ತೆಗೆಯಿರಿ. ಜಿ, ಎಚ್, ಬಿ ಕೀಗಳ ಅಂಚಿಗೆ ಅದು ತಾಗುತ್ತಿರಬಹುದು, ಬುಡದಲ್ಲಿ ಕಸ ಕೂತಿರಬಹುದು. ಟೋಪಿ ಇಲ್ಲದಾಗ ಜಾರದಿದ್ದರೆ ಹೊಸದು ಹಾಕಿ. ಎತ್ತರ ನೋಡಿ ಕೊಳ್ಳಿ, ತೆಳು ಲ್ಯಾಪ್‌ಟಾಪ್‌ಗೆ ಗಿಡ್ಡ ಟೋಪಿಯೇ ಬೇಕು. ಉದ್ದದ್ದು ಹಾಕಿದರೆ ಮುಚ್ಚಿದಾಗ ಪರದೆಗೆ ಒತ್ತುತ್ತದೆ.

ಟೋಪಿ ತೆಗೆದ ಮೇಲೂ ಜಾರಿದರೆ ಒಳಗೆ ಒತ್ತಡ ಅಳೆಯುವ ಸೆನ್ಸರ್ ಮೇಲೇ ಅನುಮಾನ. ಆಗ ಸಾಮಾನ್ಯವಾಗಿ ಕೀಬೋರ್ಡೇ ಬದಲಿಸಬೇಕಾಗುತ್ತದೆ. ಅಲ್ಲಿವರೆಗೆ ಗುಂಡಿಯನ್ನು ಆಫ್ ಮಾಡಿ ಟಚ್‌ಪ್ಯಾಡ್ ಬಳಸಿ.

ಟಚ್‌ಪ್ಯಾಡ್‌ಗೇ ಬದಲಾಗಲಾ ಅಂತ ಕೇಳಿದ್ದೀರಲ್ಲ, ಟೈಪಿಂಗ್ ಜಾಸ್ತಿ ಇದ್ದರೆ ನಾನಂತೂ ಗುಂಡಿ ಬಿಡಲ್ಲ. ಪುಟ ಸರಿಸೋಕೆ ಮಾತ್ರ ಟಚ್‌ಪ್ಯಾಡೇ ಹಿತ. ಎರಡೂ ಆನ್ ಇಟ್ಟುಕೊಳ್ಳಬಹುದು.