ಮಿಲ್ಲರ್ಸ್ ಡೇಲ್‌ಗೆ ಐದು ಪ್ಲಾಟ್‌ಫಾರಂ ಯಾಕೆ?
ಇಂಗ್ಲೆಂಡಿನ ಡರ್ಬಿಶೈರ್‌ನ ಅಷ್ಟು ಸಣ್ಣ ಹಳ್ಳಿಗೆ ಅಷ್ಟು ದೊಡ್ಡ ರೈಲು ನಿಲ್ದಾಣ, ಪಕ್ಕಪಕ್ಕದಲ್ಲೇ ಎರಡು ಸೇತುವೆ ಯಾಕೆ ಎಂದು ಕೇಳಿದ್ದೀರಿ. ಅದನ್ನು ಕಟ್ಟಿದ್ದು ಹಳ್ಳಿಯವರಿಗಾಗಿ ಅಲ್ಲ ಸ್ವಾಮಿ, ಬಕ್ಸ್‌ಟನ್ ಪಟ್ಟಣಕ್ಕಾಗಿ. ಮಿಡ್‌ಲ್ಯಾಂಡ್ ರೈಲ್ವೆ ಎಂಬ ಅಂದಿನ ಕಂಪನಿಯ ಲಂಡನ್–ಮ್ಯಾಂಚೆಸ್ಟರ್ ಮುಖ್ಯ ಮಾರ್ಗ ಬಕ್ಸ್‌ಟನ್ನನ್ನು ಮುಟ್ಟುತ್ತಿರಲಿಲ್ಲ. ಅಲ್ಲಿಗೆ ಹೋಗುವವರು ಇಲ್ಲಿ ಇಳಿದು ಕವಲು ಮಾರ್ಗದ ಗಾಡಿ ಹತ್ತಬೇಕಿತ್ತು. ಪ್ಲಾಟ್‌ಫಾರಂ ಮೇಲೇ ಅಂಚೆ ಕಚೇರಿಯೂ ಇತ್ತು!

ನಿಲ್ದಾಣ ಶುರುವಾದದ್ದು 1863ರಲ್ಲಿ, ಮೊದಲ ಸೇತುವೆಯ ಜೊತೆಗೆ. ಸಂಚಾರ ಹೆಚ್ಚಿ ಎರಡು ಹಳಿ ಸಾಲದಾದಾಗ 1905ರಲ್ಲಿ ಎರಡನೆಯ ಸೇತುವೆ ಬಂತು.

ಮುಚ್ಚಿದ ವರ್ಷದಲ್ಲಿ ಹಲವರು ಎಡವುತ್ತಾರೆ: ನಿಲ್ದಾಣ ಮುಚ್ಚಿದ್ದು 1967ರ ಮಾರ್ಚ್‌ನಲ್ಲಿ, ಆ ಮಾರ್ಗವಾಗಿ ಮ್ಯಾಂಚೆಸ್ಟರ್ ಗಾಡಿಗಳ ಓಡಾಟ ನಿಂತದ್ದು 1968ರಲ್ಲಿ. ನಡುವಿನ ತಿಂಗಳುಗಳಲ್ಲಿ ಗಾಡಿಗಳು ಇಲ್ಲಿ ನಿಲ್ಲದೆ ಹಾದುಹೋಗುತ್ತಿದ್ದವು. ಹಾಗಾಗಿ ಹಳೆಯ ಫೋಟೋದಲ್ಲಿ ರೈಲು ಕಂಡ ಮಾತ್ರಕ್ಕೆ ನಿಲ್ದಾಣ ತೆರೆದಿತ್ತು ಎನ್ನಬೇಡಿ.

ಈಗ ಅದೇ ಹಾದಿ ಮಾನ್ಸಲ್ ಟ್ರೇಲ್ ಎಂಬ ನಡಿಗೆ–ಸೈಕಲ್ ದಾರಿ, ಸುಮಾರು 13.5 ಕಿ.ಮೀ. ಅದರ ಹಳೆಯ ರೈಲು ಸುರಂಗಗಳು ನಡೆದು ಹೋಗುವವರಿಗೆ ತೆರೆದದ್ದು 2011ರಲ್ಲಿ. ಅದಕ್ಕೂ ಹಿಂದಿನ ಮಾರ್ಗದರ್ಶಿ ಪುಸ್ತಕ ಹಿಡಿದು ಹೋದರೆ ಸುಮ್ಮನೆ ಗುಡ್ಡ ಸುತ್ತುತ್ತೀರಿ. ಹಳಿಗಳ ವಿನ್ಯಾಸ ಬೇಕಿದ್ದರೆ, ಸ್ಕಾಟ್‌ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಬ್ರಿಟನ್‌ನ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ, ಮೈಲಿಗೆ 25 ಇಂಚು ಪ್ರಮಾಣದ ನಕ್ಷೆ ಉಚಿತ. 1905ರ ಮೊದಲಿನದ್ದನ್ನೂ ನಂತರದ್ದನ್ನೂ ಎದುರುಬದುರು ಇಟ್ಟು ನೋಡಿ.