ನಾವು ಅಮೆರಿಕದಲ್ಲಿದ್ದೇವೆ. ಊರಿಂದ ಬಂದಿರೋ ಸಸ್ಯಾಹಾರಿ ಅಪ್ಪ ಅಮ್ಮನ ಜೊತೆ ಕೆರಿಬಿಯನ್ ದ್ವೀಪಕ್ಕೆ ಒಂದು ವಾರ, ಬಾರ್ಬಡೋಸಾ ಜಮೈಕಾನಾ ಅಂತ ಚರ್ಚೆ. ಊಟ ಸೇರಿದ ರೆಸಾರ್ಟ್ ತಗೊಳ್ಳೋದಾ? ಇಂಡಿಯನ್ ರೆಸ್ಟೋರೆಂಟ್ ಎಲ್ಲಿ ಸಿಗುತ್ತೆ?

ತಗೋಬೇಡಿ. ಇಂಡಿಯನ್ ರೆಸ್ಟೋರೆಂಟನ್ನೂ ಹುಡುಕಬೇಡಿ.

ನೀವು ಬರೆದಿರೋದು ನಮ್ಮ ಮನೆಯ ಕಥೆಯೇ. ನಾವೂ ಅಮೆರಿಕದಲ್ಲಿದ್ದೇವೆ. ಊರಿಂದ ಅಪ್ಪ ಅಮ್ಮ ಬಂದಿದ್ದರು. ಇಬ್ಬರೂ ಮೊಟ್ಟೆ ಕೂಡ ಮುಟ್ಟುವವರಲ್ಲ. "ಅಲ್ಲಿ ಹೋಗಿ ಏನು ತಿಂತೀವಿ?" ಅಂತ ಅಮ್ಮನಿಗೆ ಒಂದೇ ಚಿಂತೆ. ಆ ಚಿಂತೆ ಕಳೆಯಲಿ ಅಂತ ನಾನು ಮೂರು ಹೊತ್ತಿನ ಊಟದ ದುಡ್ಡನ್ನೂ ಮೊದಲೇ ಕಟ್ಟಿಬಿಟ್ಟೆ. ಇಡೀ ರಜೆ ಹಾಳಾಗಿದ್ದು ಅಲ್ಲಿಂದಲೇ.

ನಾವು ಹೋಗಿದ್ದು ಟ್ರಿನಿಡಾಡ್ ಮತ್ತು ಟೊಬೇಗೊಗೆ. ದೇಶ ಒಂದು, ದ್ವೀಪ ಎರಡು. ಟೊಬೇಗೊ ಚಿಕ್ಕದು, ಸುಮಾರು 300 ಚದರ ಕಿಲೋಮೀಟರ್. ಒಳ್ಳೆಯ ಬೀಚುಗಳಿರೋದು ಅಲ್ಲಿ. ಟ್ರಿನಿಡಾಡ್ ಅದಕ್ಕಿಂತ ಬಹಳ ದೊಡ್ಡದು. ಊಟ, ದೇವಸ್ಥಾನ, ಹಕ್ಕಿ, ಜನ ಎಲ್ಲ ಇರೋದು ಅಲ್ಲಿ. ನಾನು ಟೊಬೇಗೊದಲ್ಲಿ ರೆಸಾರ್ಟ್ ಬುಕ್ ಮಾಡಿ, ಟ್ರಿನಿಡಾಡಿಗೆ ಕೊನೆಯಲ್ಲಿ ಒಂದು ಚೂರು ಸಮಯ ಉಳಿಸಿದ್ದೆ.

ಈ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಬುಕ್ ಮಾಡುವಾಗ ಇದು ಯಾರಿಗೂ ಹೊಳೆಯುವುದಿಲ್ಲ. ಊಟದ ರುಚಿ ಒಂದೇ ಸಮಸ್ಯೆ ಆಗಿದ್ದರೆ ಸಹಿಸಬಹುದಿತ್ತು. ಬೇಯಿಸಿದ ಕ್ಯಾರೆಟ್ಟು, ಟೊಮೆಟೊ ಸಾಸಿನ ಪಾಸ್ತಾ, ಬ್ರೆಡ್ಡು, ಹಣ್ಣು. ಅನ್ನ ಇತ್ತು, ಆದರೆ ಕೋಳಿ ಬೇಯಿಸಿದ ನೀರಲ್ಲಿ ಮಾಡಿದ್ದು ಅಂತ ಕೇಳಿದ ಮೇಲೆ ಗೊತ್ತಾಯಿತು. ಅಡುಗೆಯವರು ಒಳ್ಳೆಯವರು, ಅಮ್ಮನಿಗಾಗಿ ಬೇರೆ ಅನ್ನ ಮಾಡಿಕೊಟ್ಟರು. ನಿಜವಾದ ಸಮಸ್ಯೆ ಗಡಿಯಾರದ್ದು. ಮಧ್ಯಾಹ್ನದ ಊಟ ಹನ್ನೆರಡೂವರೆಗೆ ಶುರು, ಎರಡೂವರೆಗೆ ಬಂದ್. ದುಡ್ಡು ಕಟ್ಟಾಗಿದೆ. ಹೊರಗೆ ತಿಂದ್ರೆ ಎರಡು ಸಲ ದುಡ್ಡು ಕೊಟ್ಟ ಹಾಗೆ. ಅಪ್ಪ ಬಾಯಿಬಿಟ್ಟು ಹೇಳಿದರು, ನಾನು ಮನಸ್ಸಲ್ಲೇ ಲೆಕ್ಕ ಹಾಕಿದೆ, ಇಬ್ಬರದೂ ಒಂದೇ ಯೋಚನೆ. ಹಾಗಾಗಿ ದಿನಾ ಬೆಳಿಗ್ಗೆ ಹೊರಟು ಊಟದ ಹೊತ್ತಿಗೆ ವಾಪಸ್.

ಈಗ ಟೊಬೇಗೊದ ನಕ್ಷೆ ತೆಗೆದು ನೋಡಿ. ವಿಮಾನ ನಿಲ್ದಾಣ, ಹೋಟೆಲುಗಳು ಎಲ್ಲ ನೈರುತ್ಯದ ತುದಿಯ ಕ್ರೌನ್ ಪಾಯಿಂಟ್ ಹತ್ತಿರ. ಶಾರ್ಲಟ್‌ವಿಲ್ ಅನ್ನೋ ಊರು ಈಶಾನ್ಯದ ತುದಿಯಲ್ಲಿ. ದೂರ ಕಡಿಮೆ ಅನ್ನಿಸುತ್ತೆ, ಆದರೆ ದಾರಿಯೆಲ್ಲ ಗುಡ್ಡ, ತಿರುವು. ಒಂದೂವರೆ ಗಂಟೆಗೆ ಕಮ್ಮಿ ಇಲ್ಲ. ನಡುವೆ ಮೇನ್ ರಿಡ್ಜ್ ಕಾಡಿದೆ. 1776ರಲ್ಲೇ ಮಳೆ ಬರಬೇಕಾದರೆ ಮರ ಉಳಿಯಬೇಕು ಅಂತ ಕಾನೂನು ಮಾಡಿ ಕಾಪಾಡಿದ ಕಾಡು ಅದು. ಆ ಕಾಡಿನ ಕಾಲುದಾರಿಯಲ್ಲಿ ನಡೆಯಬೇಕು ಅನ್ನೋದು ಅಪ್ಪನ ಒಂದೇ ಆಸೆ. ಅವರು ತೀರ್ಥಹಳ್ಳಿ ಕಡೆಯವರು, ಕಾಡು ಅಂದ್ರೆ ಜೀವ. ಹೋಗಲಾಗಲಿಲ್ಲ. ಇಂಗ್ಲಿಷ್‌ಮನ್ಸ್ ಬೇ ಬೀಚಿನ ತನಕ ಹೋಗಿ ಕಾಲು ನೆನೆಸಿ ವಾಪಸ್ ಬಂದೆವು. ಕಸ್ತಾರಾ ಅನ್ನೋ ಊರಲ್ಲಿ ಮಣ್ಣಿನ ಒಲೆಯ ಬ್ರೆಡ್ ವಾಸನೆ ಮಾತ್ರ ಸಿಕ್ಕಿತು. ಆಮೇಲೆ ಅದೇ ರೆಸಾರ್ಟಿನ ಬರೀ ರೂಮಿನ ಬೆಲೆ ನೋಡಿದೆ. ವ್ಯತ್ಯಾಸದ ದುಡ್ಡಲ್ಲಿ ವಾರಪೂರ್ತಿ ಕಾರು ಬಾಡಿಗೆಗೆ ಸಿಗುತ್ತಿತ್ತು. ಊಟ ತೆಗೆದು ದುಡ್ಡು ವಾಪಸ್ ಕೊಡಿ ಅಂತ ಕೇಳಿದರೆ, ಬುಕಿಂಗ್ ಷರತ್ತಿನಲ್ಲಿ ಅದಕ್ಕೆ ಅವಕಾಶ ಇಲ್ಲ ಅಂದರು.

ಟೊಬೇಗೊದಲ್ಲಿ ಪೂರ್ತಿ ಖುಷಿ ಕೊಟ್ಟಿದ್ದು ನೈಲಾನ್ ಪೂಲ್. ಸ್ಟೋರ್ ಬೇ ಅಥವಾ ಪಿಜನ್ ಪಾಯಿಂಟಿಂದ ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಬುಕ್ಕೂ ರೀಫ್ ಮೇಲೆ ಹೋಗುತ್ತಾರೆ, ಕೆಳಗೆ ಹವಳ, ಮೀನು ಕಾಣಿಸುತ್ತವೆ. ಆಮೇಲೆ ಸಮುದ್ರದ ನಡುವೆ ದೋಣಿ ನಿಲ್ಲಿಸಿ "ಇಳೀರಿ" ಅಂತಾರೆ. ಸೊಂಟದ ಮಟ್ಟ ನೀರು, ಕಾಲ ಕೆಳಗೆ ಬಿಳಿ ಮರಳು. ಈಜು ಬಾರದ ಅಮ್ಮ ನನ್ನ ಕೈ ಬಿಟ್ಟು ನಿಂತರು. ನಿಮ್ಮ ಅಮ್ಮನನ್ನೂ ಇಳಿಸಿ.

ಇನ್ನು ಟ್ರಿನಿಡಾಡ್. ಟೊಬೇಗೊದಿಂದ ವಿಮಾನದಲ್ಲಿ ಅರ್ಧ ಗಂಟೆಯೂ ಇಲ್ಲ. ಹಡಗೂ ಇದೆ, ಮೂರು ನಾಲ್ಕು ಗಂಟೆ, ಅಲೆ ಜೋರಿದ್ದರೆ ಹಿರಿಯರಿಗೆ ಕಷ್ಟ.

ಬೆಳಿಗ್ಗೆ ಕ್ಯೂರೆಪ್ ಜಂಕ್ಷನ್ನಿಗೆ ಹೋದೆವು. ರಸ್ತೆ ಬದಿ ಡಬಲ್ಸ್ ಗಾಡಿ, ಮುಂದೆ ಆಫೀಸಿಗೆ ಹೊರಟವರ ಸಾಲು. ಡಬಲ್ಸ್ ಅಂದ್ರೆ ಅರಿಸಿನ ಹಾಕಿದ ಮೈದಾ ಹಿಟ್ಟನ್ನು ಹುದುಗಿಸಿ, ತಟ್ಟಿ, ಎಣ್ಣೆಯಲ್ಲಿ ಮೆತ್ತಗೆ ಕರಿದ ಎರಡು ಬಾರಾ. ಮಧ್ಯೆ ಕಾಬೂಲ್ ಕಡಲೆ ಪಲ್ಯ. ಗಾಡಿಯವನು ಎಡಗೈಯಲ್ಲಿ ಕಾಗದ ಹಿಡಿದು, ಬಾರಾ ಹಾಸಿ, ಬಿಸಿ ಕಡಲೆ ಸುರಿದು, ಹುಣಸೆ ರಸ, ಸೌತೆಕಾಯಿ, ಮಾವಿನಕಾಯಿ ತುರಿಯ ಕುಚೇಲಾ ಹಾಕಿ, ಕಾಗದದ ಎರಡು ತುದಿ ತಿರುಚಿ ಕೈಗಿಡುತ್ತಾನೆ. ಐದು ಸೆಕೆಂಡಿನ ಕೆಲಸ. ಚಮಚ ಇಲ್ಲ. ಮೇಲಿನ ಬಾರಾ ಹರಿದು ಕಡಲೆ ಬಾಚಿಕೊಂಡು ನಿಂತೇ ತಿನ್ನಬೇಕು. ಮೊಟ್ಟೆ ಇಲ್ಲ, ಹಾಲೂ ಇಲ್ಲ. ಬೆಲೆ ಒಂದು ಅಮೆರಿಕನ್ ಡಾಲರ್ ಆಸುಪಾಸು. ಅಮ್ಮ ಒಂದು ತಿಂದು, ಏನೂ ಹೇಳದೆ ಮತ್ತೆ ಸಾಲಲ್ಲಿ ಹೋಗಿ ನಿಂತರು. ಅಷ್ಟು ದಿನ ಅವರು ಹಸಿದೇ ಇದ್ದರು ಅಂತ ನನಗೆ ಆಗ ಗೊತ್ತಾಯಿತು.

ಖಾರದ ಬಗ್ಗೆ ಒಂದು ಮಾತು. ಗಾಡಿಯವನು ಪೆಪ್ಪರ್ ಎಷ್ಟು ಅಂತ ಕೇಳಿದರೆ "ಸ್ಲೈಟ್" ಅನ್ನಿ. ಬ್ಯಾಡಗಿ, ಗುಂಟೂರು ತಿಂದು ಬೆಳೆದವರಿಗೂ ಅಲ್ಲಿನ ಮೆಣಸು ಬೇರೆಯೇ. ಮತ್ತೆ ಬೆಳಿಗ್ಗೆ ಬೇಗ ಹೋಗಿ. ಹತ್ತು ಗಂಟೆ ಅನ್ನುವಷ್ಟರಲ್ಲಿ ಎಷ್ಟೋ ಗಾಡಿಗಳು ಖಾಲಿ. ಅದಕ್ಕೇ ಹೇಳೋದು, ಬೆಳಗಿನ ತಿಂಡಿ ಸೇರಿದ ರೂಮ್ ಕೂಡ ಟ್ರಿನಿಡಾಡಲ್ಲಿ ಬೇಡ.

ದಕ್ಷಿಣಕ್ಕೆ ಡೆಬೆ ಅಂತ ಊರಿದೆ. ಅಲ್ಲಿ ರಸ್ತೆಯುದ್ದಕ್ಕೂ ಕರಿದ ತಿಂಡಿಗಳ ಅಂಗಡಿ. ಫುಲೌರಿ, ಆಲೂ ಪೈ, ಸಹೀನಾ. ಕೆಸುವಿನ ಎಲೆಗೆ ಬೇಳೆ ಹಿಟ್ಟು ಹಚ್ಚಿ ಸುತ್ತಿ ಕೊಯ್ದು ಕರಿದ ಸಹೀನಾ ಕೈಗೆ ಬಂದಾಗ ಅಪ್ಪ "ಇದು ಪತ್ರೊಡೆ ಅಲ್ವಾ!" ಅಂದರು. ಕೆಸುವಿನ ಸೊಪ್ಪಿಗಾಗಿ ಮಳೆಗಾಲ ಕಾಯುವ ಮನೆಯವರು ಅವರು. ಅಂಗಡಿಯ ಹೆಂಗಸಿಗೆ ನಮ್ಮಲ್ಲಿ ಇದನ್ನು ಅಕ್ಕಿ ರುಬ್ಬಿ ಹಬೆಯಲ್ಲಿ ಬೇಯಿಸ್ತೀವಿ ಅಂತ ಕೈಸನ್ನೆ ಸಮೇತ ವಿವರಿಸಿದರು. ಆಕೆ ಗಮನ ಕೊಟ್ಟು ಕೇಳಿ, ಇನ್ನೂ ಎರಡು ತುಂಡು ಸುಮ್ನೆ ಕೊಟ್ಟಳು.

ಮಧ್ಯಾಹ್ನಕ್ಕೆ ಯಾವುದಾದರೂ ಜನ ತುಂಬಿದ ರೊಟ್ಟಿ ಅಂಗಡಿ. ಧಾಲ್‌ಪುರಿ ಅಂದ್ರೆ ಒಳಗೆ ಬೇಳೆ ಪುಡಿ ತುಂಬಿದ ದೊಡ್ಡ ರೊಟ್ಟಿ. ಬಸ್-ಅಪ್-ಶಟ್ ಅಂದ್ರೆ ಕಾವಲಿ ಮೇಲೇ ಚಚ್ಚಿ ಚೂರು ಮಾಡಿದ ಪರಾಠಾ. ಜೊತೆಗೆ ಕುಂಬಳಕಾಯಿ, ಸೊಪ್ಪು, ಅಲಸಂದೆ ಕಾಯಿ, ಸುಟ್ಟ ಬದನೆ, ಮಾವಿನಕಾಯಿ, ಕಡಲೆ-ಆಲೂ, ಎಲ್ಲವೂ ಸಿಗುತ್ತೆ. ಮಾಂಸದ ಪಾತ್ರೆಯ ಸೌಟು ಬೇಡ ಅಂತ ಮೊದಲೇ ಹೇಳಿ, ಅವರಿಗೆ ಅರ್ಥವಾಗುತ್ತೆ. ಎಚ್ಚರ ಬೇಕಾಗಿದ್ದು ಬೇರೆ ಕಡೆ. ಕಲಲೂ ಅನ್ನೋ ಸೊಪ್ಪಿನ ಸಾರಿಗೆ ಏಡಿ ಅಥವಾ ಉಪ್ಪಿನ ಮಾಂಸ ಹಾಕಿರುತ್ತಾರೆ. ಮ್ಯಾಕರೋನಿ ಪೈಗೆ ಮೊಟ್ಟೆ ಇರುತ್ತೆ. ಪೆಲಾವ್ ಬಹುತೇಕ ಕೋಳಿಯದು.

ಈ ಊಟ ಅಲ್ಲಿಗೆ ಪ್ರವಾಸಿಗರಿಗಾಗಿ ಬಂದಿದ್ದಲ್ಲ. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾಯಿತು. 1845ರ ಮೇ 30ರಂದು ಫತೆಲ್ ರಜಾಕ್ ಹಡಗು ಮೊದಲ ಭಾರತೀಯ ಕೂಲಿಗಳನ್ನು ಇಳಿಸಿತು. 1917ರ ತನಕ ಸುಮಾರು 1.4 ಲಕ್ಷ ಜನ ಬಂದರು, ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶದ ಕಡೆಯವರು. ಇವತ್ತು ದೇಶದ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಅವರ ಮೊಮ್ಮಕ್ಕಳು, ಮರಿಮಕ್ಕಳು.

ವಾಟರ್‌ಲೂನಲ್ಲಿರುವ ಸಮುದ್ರದ ದೇವಸ್ಥಾನಕ್ಕೆ ಖಂಡಿತ ಹೋಗಿ. ಸಿವ್‌ದಾಸ್ ಸಾಧು ಅನ್ನೋ ತೋಟದ ಕೂಲಿ ಸಕ್ಕರೆ ಕಂಪನಿಯ ಜಾಗದಲ್ಲಿ ದೇವಸ್ಥಾನ ಕಟ್ಟಿದ್ದ. ಅದನ್ನು ಕೆಡವಿ ಅವನನ್ನು ಜೈಲಿಗೆ ಹಾಕಿದರು. ನೆಲದ ಮೇಲೆ ಬೇಡ ಅಂದ್ರೆ ಸಮುದ್ರದಲ್ಲೇ ಕಟ್ತೀನಿ ಅಂತ ಹೊರಟ. ಸೈಕಲ್ಲಿನಲ್ಲಿ, ಬಕೆಟ್ಟಿನಲ್ಲಿ ಕಲ್ಲು ಮಣ್ಣು ಹೊತ್ತು ವರ್ಷಗಟ್ಟಲೆ ಒಬ್ಬನೇ ನೀರಿಗೆ ಹಾಕಿದ. ಈಗಿರುವ ಗುಡಿ 1995ರಲ್ಲಿ ಮತ್ತೆ ಕಟ್ಟಿದ್ದು. ಅಪ್ಪ ಅಲ್ಲಿ ಬಹಳ ಹೊತ್ತು ಕೂತರು. ಹತ್ತಿರದಲ್ಲೇ ಕ್ಯಾರಪಿಚೈಮಾದಲ್ಲಿ 85 ಅಡಿಯ ಹನುಮಂತ ಇದ್ದಾನೆ. ಆ ದತ್ತಾತ್ರೇಯ ದೇವಸ್ಥಾನ ನಮ್ಮ ಮೈಸೂರಿನ ಅವಧೂತ ದತ್ತ ಪೀಠದ್ದು, ದಕ್ಷಿಣದ ಶೈಲಿಯ ಕಟ್ಟಡ.

ಅವೆರಡನ್ನು ಮುಗಿಸಿ ನಾಲ್ಕು ಗಂಟೆಗೆ ಕರೋನಿ ಜೌಗಿಗೆ ಬನ್ನಿ, ದಾರಿ ಅದೇ ಕಡೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ದೋಣಿ ನಿಧಾನ ಹೋಗುತ್ತೆ. ಸಂಜೆ ಕೆಂಪು ಐಬಿಸ್ ಹಕ್ಕಿಗಳು ಹಿಂಡು ಹಿಂಡಾಗಿ ಬಂದು ಒಂದು ನಡುಗಡ್ಡೆಯ ಮರಗಳ ಮೇಲೆ ಇಳಿಯುತ್ತವೆ. ಅವು ತಿನ್ನುವ ಏಡಿ, ಸೀಗಡಿಯಿಂದ ಆ ಬಣ್ಣ ಬರೋದು. ಮರಿಗಳು ಬೂದು ಬಣ್ಣ. ದೋಣಿ ದೂರದಲ್ಲೇ ನಿಲ್ಲುತ್ತೆ, ಹಾಗಾಗಿ ದುರ್ಬೀನು ತಗೊಂಡು ಹೋಗಿ.

ಕ್ರಿಕೆಟ್ ಹುಚ್ಚಿದ್ದರೆ ಪೋರ್ಟ್ ಆಫ್ ಸ್ಪೇನಿನ ಕ್ವೀನ್ಸ್ ಪಾರ್ಕ್ ಓವಲ್ ಮುಂದೆ ಒಂದು ಫೋಟೋ ತೆಗೆಸಿಕೊಳ್ಳಿ. 1976ರಲ್ಲಿ ಭಾರತ 403 ರನ್ ಬೆನ್ನಟ್ಟಿ ಗೆದ್ದಿದ್ದು ಅಲ್ಲೇ, ನಮ್ಮ ಗುಂಡಪ್ಪ ವಿಶ್ವನಾಥ್ 112 ಹೊಡೆದಿದ್ದರು. ಮರಾಕಸ್ ಬೀಚಿನ ಬೇಕ್ ಅಂಡ್ ಶಾರ್ಕ್, ಅಂದ್ರೆ ಕರಿದ ಬ್ರೆಡ್ಡಿನೊಳಗಿನ ಶಾರ್ಕ್ ಮೀನು, ನಿಮಗೆ ಕೆಲಸಕ್ಕೆ ಬಾರದು, ಆದರೆ ದಾರಿಯಲ್ಲಿ ಗುಡ್ಡದ ಮೇಲೆ ಉಪ್ಪು, ಖಾರ, ನಿಂಬೆ ಕಲಸಿದ ಅನಾನಸ್ ಚೌ ಮಾರುತ್ತಾರೆ, ಅದಕ್ಕೆ ಗಾಡಿ ನಿಲ್ಲಿಸಿ.

ಆದ್ದರಿಂದ ಬಾರ್ಬಡೋಸಾ ಜಮೈಕಾನಾ ಅನ್ನೋ ಚರ್ಚೆ ಬಿಡಿ. ವಾರದಲ್ಲಿ ಹೆಚ್ಚು ಪಾಲು ಟ್ರಿನಿಡಾಡಿಗೆ, ಉಳಿದಿದ್ದು ಟೊಬೇಗೊಗೆ. ಟೊಬೇಗೊದಲ್ಲಿ ಅಡುಗೆಮನೆ ಇರುವ ರೂಮ್ ತಗೊಳ್ಳಿ, ಟ್ರಿನಿಡಾಡಿಂದ ಧಾಲ್‌ಪುರಿ ಕಟ್ಟಿಸಿಕೊಂಡು ಹೋಗಿ, ರಾಸ್ತಾಫಾರಿ ಪಂಥದವರ ಇಟಲ್ ಊಟ ಸಿಕ್ಕರೆ ತಿನ್ನಿ, ಅದರಲ್ಲಿ ಸಾಮಾನ್ಯವಾಗಿ ಮಾಂಸ ಇರಲ್ಲ, ಆದರೂ ಕೇಳಿ ತಗೊಳ್ಳಿ. ಕಾರು ಬಾಡಿಗೆಗೆ ತಗೊಳ್ಳಿ, ಅಲ್ಲಿ ನಮ್ಮ ಹಾಗೆ ಎಡಗಡೆ ಓಡಿಸೋದು. ಜನವರಿಯಿಂದ ಮೇ ಒಳಗೆ ಹೋದರೆ ಮಳೆ ಕಾಟ ಕಡಿಮೆ. ಪೋರ್ಟ್ ಆಫ್ ಸ್ಪೇನಲ್ಲಿ ಕತ್ತಲಾದ ಮೇಲೆ ಸುತ್ತಾಟ ಬೇಡ, ಹೊರಡುವ ಮುಂಚೆ ಸರ್ಕಾರದ ಪ್ರಯಾಣ ಸೂಚನೆ ನೋಡಿ. ಮಿಲಿಟರಿ ಡಿಸೈನಿನ ಬಟ್ಟೆ ಹಾಕೋದು ಅಲ್ಲಿ ಅಪರಾಧ, ಅಪ್ಪನ ಟೋಪಿಯನ್ನೂ ನೋಡಿ. ಅಪ್ಪ ಅಮ್ಮನ ಅಮೆರಿಕ ವೀಸಾದಲ್ಲಿ ವಾಪಸ್ ಒಳಗೆ ಬರಲು ಅವಕಾಶ ಇದೆಯಾ ಅಂತ ಮೊದಲೇ ಖಚಿತ ಮಾಡಿಕೊಳ್ಳಿ.

ಊಟ ಸೇರಿಸಿ ಈಗಾಗಲೇ ಬುಕ್ ಮಾಡಿಬಿಟ್ಟಿದ್ದರೆ, ಬರೀ ರೂಮಿಗೆ ಬದಲಾಯಿಸಿ ಅಂತ ಇವತ್ತೇ ಮೇಲ್ ಹಾಕಿ. ಅಲ್ಲಿ ಹೋಗಿ ಕೇಳಿದರೆ ಒಪ್ಪಲ್ಲ.