ಸೂಪರ್‌ಚಾರ್ಜರ್ ಹಾಕಿದ ಪಿಕಪ್ ಘಾಟಿ ಏರೀತೆ, ಬಾಳಿಕೆ ಬಂದೀತೆ?

ಪ್ರಶ್ನೆ: ನಾನು ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್‌ನಲ್ಲಿ ನೆಲೆಸಿದ್ದೇನೆ. ನನ್ನ ಬಳಿ 5.3 ಲೀಟರ್ ವಿ8 ಎಂಜಿನ್ನಿನ, 2004ರ ಶೆವರ್ಲೆ ಸಿಲ್ವರಾಡೊ 1500 ಪಿಕಪ್ ಇದೆ. 1,40,000 ಮೈಲಿ ಓಡಿದೆ. ವಾರವಿಡೀ ಅದರಲ್ಲೇ ಕಚೇರಿಗೆ ಹೋಗಿಬರುತ್ತೇನೆ. ಬೇಸಿಗೆ ರಜೆಯಲ್ಲಿ 5,000 ಪೌಂಡ್ ತೂಕದ ಕ್ಯಾಂಪರ್ ಟ್ರೇಲರ್ ಕಟ್ಟಿಕೊಂಡು ಮನೆಮಂದಿಯೆಲ್ಲ ಕೊಲರಾಡೊಗೆ ಹೋಗುತ್ತೇವೆ. ರೇಟನ್ ಘಾಟಿಯಲ್ಲಿ ಗಾಡಿ ತೀರಾ ಬಳಲುತ್ತದೆ. ಸೂಪರ್‌ಚಾರ್ಜರ್ ಹಾಕಿಸಿದರೆ ಸರಿಹೋದೀತೆ? ಎಂಜಿನ್ನಿನ ಬಾಳಿಕೆ ಕೆಡದಂತೆ ನೋಡಿಕೊಳ್ಳುವುದು ಹೇಗೆ? ಆಮೇಲೆ ಇನ್ನೂ ಭಾರವಾದ ಟ್ರೇಲರ್ ಎಳೆಯಬಹುದೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಜೀವಕ್ಕೆ ಸಂಬಂಧಿಸಿದ್ದು. ಇಲ್ಲ, ಎಳೆಯಬಾರದು. ಎಳೆಯುವ ಮಿತಿಯನ್ನು ಚೌಕಟ್ಟು, ಆಕ್ಸಲ್, ಬ್ರೇಕು, ಸಸ್ಪೆನ್ಷನ್, ಟೈರುಗಳೆಲ್ಲ ಸೇರಿ ನಿರ್ಧರಿಸುತ್ತವೆ. ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಸಾಧನವಾದ ಸೂಪರ್‌ಚಾರ್ಜರ್ ಇವುಗಳಲ್ಲಿ ಒಂದನ್ನೂ ಬದಲಿಸುವುದಿಲ್ಲ. ಫೋರ್ಡ್ ಕಂಪನಿಯೇ 1999ರಿಂದ 2004ರವರೆಗೆ ಎಸ್‌ವಿಟಿ ಲೈಟ್ನಿಂಗ್ ಎಂಬ ಸೂಪರ್‌ಚಾರ್ಜರ್ ಪಿಕಪ್ ತಯಾರಿಸುತ್ತಿತ್ತು. ಅದರ 5.4 ಲೀಟರ್ ಎಂಜಿನ್ 2001ರಿಂದ 380 ಅಶ್ವಶಕ್ತಿ ಕೊಡುತ್ತಿತ್ತು, ಆದರೆ ಎಳೆಯುವ ಮಿತಿ 5,000 ಪೌಂಡ್ ಮಾತ್ರ. ಸೂಪರ್‌ಚಾರ್ಜರ್ ಇಲ್ಲದೆ, ಅಷ್ಟೇ ಗಾತ್ರದ ಎಂಜಿನ್ ಹೊತ್ತ ಅದೇ ಕಾಲದ ಸಾಧಾರಣ ಎಫ್-150 ಅದಕ್ಕಿಂತ ಹೆಚ್ಚು ಎಳೆಯಬಲ್ಲದಾಗಿತ್ತು.

ಇನ್ನು ಘಾಟಿಯ ವಿಷಯ. ಅಲ್ಲಿ ಸೂಪರ್‌ಚಾರ್ಜರಿನಿಂದ ನಿಮಗೆ ನಿಜವಾದ ಪ್ರಯೋಜನವಿದೆ. ರೇಟನ್ ಘಾಟಿಯ ನೆತ್ತಿ ಸಮುದ್ರಮಟ್ಟದಿಂದ 7,834 ಅಡಿ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮುಕ್ಕಾಲು ಪಾಲಿನಷ್ಟಿರುವುದರಿಂದ ಎಂಜಿನ್ನಿನ ಶಕ್ತಿಯೂ ಸುಮಾರಾಗಿ ಅಷ್ಟಕ್ಕೇ ಇಳಿಯುತ್ತದೆ. ಸಮುದ್ರಮಟ್ಟದಲ್ಲಿ 6 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಅಳತೆ) ಬೂಸ್ಟ್, ಅಂದರೆ ಹೆಚ್ಚುವರಿ ಗಾಳಿಯೊತ್ತಡ, ಕೊಡುವ ಸೂಪರ್‌ಚಾರ್ಜರ್, 14.7 ಪಿಎಸ್‌ಐ ಇರುವ ಸಹಜ ಒತ್ತಡವನ್ನು ಹೆಚ್ಚುಕಡಿಮೆ ಶೇಕಡ 40ರಷ್ಟು ಏರಿಸುತ್ತದೆ. ಘಾಟಿಯ ಮೇಲೆ ಬೂಸ್ಟ್ ಕೂಡ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಆದರೂ ನಿಮ್ಮ ಎಂಜಿನ್ ಬಯಲಿನಲ್ಲಿ ಉಸಿರಾಡುವಂತೆ ಅಲ್ಲಿಯೂ ಉಸಿರಾಡುತ್ತದೆ. ನಿಮ್ಮ ಉದ್ದೇಶಕ್ಕೆ ಇಷ್ಟು ಸಾಕು, 6 ಪಿಎಸ್‌ಐ ದಾಟಬೇಡಿ. ಕಡಿಮೆ ವೇಗದಲ್ಲೇ ಬೂಸ್ಟ್ ಕೊಡುವ ರೂಟ್ಸ್ ಅಥವಾ ಟ್ವಿನ್ ಸ್ಕ್ರೂ ಮಾದರಿಯನ್ನೇ ಆರಿಸಿಕೊಳ್ಳಿ. ಸೆಂಟ್ರಿಫ್ಯೂಗಲ್ ಮಾದರಿಯ ಬೂಸ್ಟ್ ಎಂಜಿನ್ ಜೋರಾಗಿ ತಿರುಗಿದ ಮೇಲೆ ಮಾತ್ರ ಬರುವುದರಿಂದ ಭಾರ ಎಳೆಯುವವರಿಗೆ ಅದು ಅಷ್ಟಾಗಿ ಒಗ್ಗುವುದಿಲ್ಲ.

ಬಾಳಿಕೆಯ ಪ್ರಶ್ನೆ ಬಹುಮಟ್ಟಿಗೆ ಶಾಖದ ಪ್ರಶ್ನೆಯೇ. ಕಚೇರಿಗೆ ಹೋಗುವಾಗ ಬೂಸ್ಟ್ ಬರುವುದು ಕೆಲವೇ ಸೆಕೆಂಡು. ಉಳಿದ ಹೊತ್ತು, ಬೂಸ್ಟ್ ಏರದಂತೆ ಗಾಳಿಗೆ ಬೇರೆ ದಾರಿ ಬಿಡುವ ಬೈಪಾಸ್ ವಾಲ್ವ್ ತೆರೆದಿದ್ದು, ಎಂಜಿನ್ ಎಂದಿನಂತೆಯೇ ನಡೆಯುತ್ತದೆ. ಟ್ರೇಲರ್ ಕಟ್ಟಿ ಘಾಟಿ ಏರುವಾಗ ಹಾಗಲ್ಲ. ಅಮೆರಿಕದ ಕಂಪನಿಗಳು ಎಳೆಯುವ ಮಿತಿಯನ್ನು ನಿಗದಿಪಡಿಸಲು ಬಳಸುವ ಎಸ್‌ಎಇ ಜೆ2807 ಮಾನದಂಡದಲ್ಲಿ ಅರಿಜೋನಾದ ಡೇವಿಸ್ ಡ್ಯಾಮ್ ಏರಿನ ಪರೀಕ್ಷೆಯೊಂದಿದೆ. 38 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ, ಎ.ಸಿ. ಪೂರ್ತಿ ಹಾಕಿಕೊಂಡು, 11.4 ಮೈಲಿ ಏರನ್ನು ಗಂಟೆಗೆ 40 ಮೈಲಿಗಿಂತ ವೇಗ ತಗ್ಗದಂತೆ ಏರಬೇಕು. ಆ ವೇಗದಲ್ಲಿ ಅದು 17 ನಿಮಿಷದ ದಾರಿ. ಅಷ್ಟು ಹೊತ್ತೂ ಬೂಸ್ಟಿನಲ್ಲೇ ಇರುವ ಎಂಜಿನ್ನನ್ನು ಊಹಿಸಿಕೊಳ್ಳಿ: 38 ಡಿಗ್ರಿಯ ಗಾಳಿ ಸೂಪರ್‌ಚಾರ್ಜರಿನಲ್ಲಿ ಒತ್ತಿ ಹೊರಬರುವಾಗ 90 ಡಿಗ್ರಿಯ ಆಸುಪಾಸು ಮುಟ್ಟಬಲ್ಲದು. ಅಷ್ಟು ಕಾದ ಗಾಳಿಯಿಂದ ನಾಕಿಂಗ್, ಅಂದರೆ ಸಿಲಿಂಡರಿನಲ್ಲಿ ಇಂಧನ ತಾನಾಗಿಯೇ ಸಿಡಿಯುವುದು, ಶುರುವಾಗಬಹುದು, ಅದರ ಪೆಟ್ಟಿಗೆ ಎರಕದ ಪಿಸ್ಟನ್‌ಗಳಲ್ಲಿ ರಿಂಗು ಕೂರುವ ಅಂಚು ಒಡೆಯಬಹುದು. ಆದ್ದರಿಂದ ಒತ್ತಿ ಕಾದ ಗಾಳಿಯನ್ನು ಎಂಜಿನ್ನಿಗೆ ಹೋಗುವ ಮುನ್ನ ತಣಿಸುವ ಇಂಟರ್‌ಕೂಲರ್ ಇಲ್ಲದ ಕಿಟ್ಟನ್ನು, ಎಷ್ಟೇ ಅಗ್ಗವಾಗಿ ಸಿಕ್ಕರೂ, ಕೊಳ್ಳಬೇಡಿ. ಇಂಟರ್‌ಕೂಲರಿನ ನೀರಿಗೆ ಪ್ರತ್ಯೇಕ ರೇಡಿಯೇಟರ್ ಇರಬೇಕು. ಅದು ದೊಡ್ಡದಿದ್ದಷ್ಟೂ ಒಳ್ಳೆಯದು.

ನಿಮ್ಮ ಎಂಜಿನ್ ಇದಕ್ಕೆ ಯೋಗ್ಯವಾದದ್ದೇ. ಬ್ಲಾಕ್ ಎರಕದ ಕಬ್ಬಿಣದ್ದು, ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಗಾಳಿಯನ್ನು ಅಡಕುವ ಪ್ರಮಾಣ, 9.5ಕ್ಕೆ 1, ಬೂಸ್ಟಿಗೆ ಹಿತವಾದದ್ದು. ಆದರೆ 1,40,000 ಮೈಲಿ ಓಡಿದ ಎಂಜಿನ್ನಿಗೆ ಕಂಪ್ರೆಷನ್ ಪರೀಕ್ಷೆಯನ್ನೂ, ಸಿಲಿಂಡರಿನಿಂದ ಗಾಳಿ ಎಷ್ಟು ಸೋರುತ್ತದೆ ಎಂದು ನೋಡುವ ಲೀಕ್-ಡೌನ್ ಪರೀಕ್ಷೆಯನ್ನೂ ಮಾಡಿಸದೆ ಕಿಟ್ಟಿಗೆ ಮುಂಗಡ ಕೊಡಬೇಡಿ. ಫಲಿತಾಂಶ ಸರಿಯಿದ್ದರೆ 6 ಪಿಎಸ್‌ಐಗಾಗಿ ಎಂಜಿನ್ ಬಿಚ್ಚುವ ಅಗತ್ಯವಿಲ್ಲ. ಬೇರೆ ಕಾರಣಕ್ಕೆ ಬಿಚ್ಚಬೇಕಾಗಿ ಬಂದರೆ ಮಾತ್ರ ಪಿಸ್ಟನ್ ರಿಂಗುಗಳ ತುದಿಗಳ ನಡುವಿನ ಸಂದನ್ನು ಬೂಸ್ಟಿಗೆ ತಕ್ಕಂತೆ ಹೆಚ್ಚಿಸಿ. ಕಾದು ಹಿಗ್ಗಿದ ರಿಂಗಿನ ಎರಡು ತುದಿಗಳು ಒಂದಕ್ಕೊಂದು ತಾಗಿದರೆ ಪಿಸ್ಟನ್ ಉಳಿಯುವುದಿಲ್ಲ. ಇಂಧನದ ಪಂಪು ಮತ್ತು ಇಂಜೆಕ್ಟರುಗಳನ್ನು ದೊಡ್ಡವಕ್ಕೆ ಬದಲಿಸಿ, ಹೆಚ್ಚು ತಂಪಾಗಿರುವ ದರ್ಜೆಯ ಸ್ಪಾರ್ಕ್ ಪ್ಲಗ್ ಹಾಕಿಸಿ.

ನಿಮ್ಮ ಗಾಡಿಯಲ್ಲಿ ನನಗೆ ಹೆಚ್ಚು ಚಿಂತೆ ಗೇರ್‌ಬಾಕ್ಸಿನದು. ಅದರ ಹೆಸರು 4ಎಲ್60ಇ. ಅದರಲ್ಲಿನ 60 ಎಂಬುದು ಅದು ತಾಳುವ ಟಾರ್ಕಿನ (ತಿರುಗಿಸುವ ಬಲದ) ದರ್ಜೆ, ಪೌಂಡ್-ಅಡಿಯ ಲೆಕ್ಕವಲ್ಲ. ಎಂಜಿನ್ ಈಗ ಕೊಡುವ 335 ಪೌಂಡ್-ಅಡಿ ಟಾರ್ಕೇ ಅದರ ಮಿತಿಯ ಹತ್ತಿರದಲ್ಲಿದೆ. ಅದನ್ನು ಬಲಪಡಿಸಿ ಕಟ್ಟಿಸಬಹುದು, ಆದರೆ ಟ್ರೇಲರ್ ಎಳೆಯುವವರಿಗೆ ನಾನು ಹೇಳುವುದು ಅದಕ್ಕಿಂತ ಮೇಲಿನ ದರ್ಜೆಯ 4ಎಲ್80ಇ ಕೂರಿಸಿಕೊಳ್ಳಿ ಎಂದೇ. ಯಾವುದನ್ನೇ ಇಟ್ಟುಕೊಂಡರೂ ಪ್ರತ್ಯೇಕ ದೊಡ್ಡ ಆಯಿಲ್ ಕೂಲರ್ ಮತ್ತು ಉಷ್ಣತೆಯ ಮಾಪಕ ಬೇಕೇಬೇಕು. ಮುಳ್ಳು 93 ಡಿಗ್ರಿ ಸೆಲ್ಸಿಯಸ್, ಅಂದರೆ 200 ಡಿಗ್ರಿ ಫ್ಯಾರನ್‌ಹೀಟ್, ದಾಟಿ ಏರುತ್ತಲೇ ಇದ್ದರೆ ಗಾಡಿಯನ್ನು ಬದಿಗೆ ನಿಲ್ಲಿಸಿ. ಕೆಲಸದ ಕ್ರಮವೂ ಹೀಗೇ ಇರಲಿ: ಮೊದಲು ಬ್ರೇಕು ಮತ್ತು ಕೂಲಿಂಗ್, ಆಮೇಲೆ ಗೇರ್‌ಬಾಕ್ಸ್, ಸೂಪರ್‌ಚಾರ್ಜರ್ ಕಟ್ಟಕಡೆಗೆ. ಈ ಖರ್ಚನ್ನೆಲ್ಲ ಕೂಡಿಸಿ ನೋಡಿದಾಗ, ಅದೇ ವರ್ಷದ, 6.0 ಲೀಟರ್ ಎಂಜಿನ್ನಿನೊಂದಿಗೆ 4ಎಲ್80ಇ ಗೇರ್‌ಬಾಕ್ಸನ್ನೂ ದೊಡ್ಡ ಬ್ರೇಕುಗಳನ್ನೂ ಹೊಂದಿರುವ ಸಿಲ್ವರಾಡೊ 2500ಎಚ್‌ಡಿಯನ್ನು ಕೊಳ್ಳುವುದೇ ಮೇಲು ಎಂದು ನಿಮಗೆ ಅನ್ನಿಸಿದರೆ ನಾನು ಅದನ್ನು ಸಂತೋಷದಿಂದ ಒಪ್ಪುತ್ತೇನೆ.

ಟ್ಯೂನಿಂಗ್, ಅಂದರೆ ಎಂಜಿನ್ನಿನ ಕಂಪ್ಯೂಟರನ್ನು ಬೂಸ್ಟಿಗೂ ಪೆಟ್ರೋಲಿಗೂ ಹೊಂದಿಸುವುದರ ಬಗ್ಗೆ ಒಂದು ಮಾತು ಉಳಿದಿದೆ. ಆಕ್ಟೇನ್ ಎಂಬುದು ಪೆಟ್ರೋಲ್ ನಾಕಿಂಗನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ. ಆಸ್ಟಿನ್‌ನಲ್ಲಿ ನಿಮಗೆ 93 ಆಕ್ಟೇನ್ ಪೆಟ್ರೋಲ್ ಸಿಗುತ್ತದೆ, ಟ್ಯೂನರ್ ಕೂಡ ಅದಕ್ಕೇ ಹೊಂದಿಸಲು ಮುಂದಾಗಬಹುದು. ಕೊಲರಾಡೊದಲ್ಲಿ ಪ್ರೀಮಿಯಂ ಎಂದು ಸಾಮಾನ್ಯವಾಗಿ ಮಾರುವುದು 91, ರೆಗ್ಯುಲರ್ ಎಂದು ಮಾರುವುದು 85. ಹಾಗಾಗಿ 91ಕ್ಕೆ ಹೊಂದಿಸಿಕೊಡಿ ಎಂದು ಮೊದಲೇ ಸ್ಪಷ್ಟವಾಗಿ ಹೇಳಿ. ಪ್ರಯಾಣದಲ್ಲಿ ಬಂಕಿನ ಬಳಿ ನಿಮ್ಮ ಬದಲು ಮನೆಯವರು ಯಾರಾದರೂ ಪೆಟ್ರೋಲ್ ತುಂಬಿಸುವುದಿದ್ದರೆ, 85 ಎಂದು ಬರೆದ ಗುಂಡಿಯನ್ನು ಒತ್ತಬಾರದು ಎಂದು ಟ್ಯಾಂಕಿನ ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿಡಿ.